ಎಷ್ಟು ಎಲೆ?

ಇಂಜಿನಿಯರಿಂಗ್ ಕಾಲೇಜಿನವರು ನನ್ನನ್ನು ಆಗಾಗ ಭಾಷಣಕ್ಕೆ ಕರೆಯುತ್ತಾರೆ. ತುಮಕೂರಿನಲ್ಲೇ ಕೂತು ಆನ್‌ಲೈನ್ ಚೌಕಾಬಾರ ಮಾಡಿ ನಿಲ್ಲಿಸಿದವನು ಅಂತ. ಭಾಷಣ ಮುಗಿದ ಮೇಲೆ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಸಾರ್, ಯಾವ ಕ್ಲೌಡ್ ತಗೊಂಡ್ರಿ?" ಆಟ ಓಡಲು ಸರ್ವರ್ ಬಾಡಿಗೆಗೆ ಕೊಟ್ಟ ಕಂಪನಿಯ ಹೆಸರು ನಾನು ಹೇಳುವುದಿಲ್ಲ. ಹೇಳಿದರೆ ಬರೆದುಕೊಂಡು ಎದ್ದು ಹೋಗುತ್ತಾರೆ, ಅಷ್ಟೇ. "ಕ್ಲೌಡ್ ಆರಿಸಿದ್ದು ನಾನಲ್ಲ ಕಣ್ರಪ್ಪಾ. ಗುಬ್ಬಿಯ ಅಡುಗೆ ಕಾಂಟ್ರಾಕ್ಟರ್ ಒಬ್ಬರ ಮಗಳು ಸ್ಕೂಟರಲ್ಲಿ ಸುತ್ತಿ ಆರಿಸಿದ್ರು" ಅನ್ನುತ್ತೇನೆ. ಎಲ್ಲರೂ ನಗುತ್ತಾರೆ. ನಗಲಿ ಬಿಡಿ. ನಾನೂ ಮೊದಲು ನಕ್ಕವನೇ.

ಸ್ಕೂಟರಲ್ಲಿ ಸುತ್ತಿದ ಆ ಮಗಳು ತೀರಿಕೊಂಡು ಇನ್ನೂ ಎರಡು ತಿಂಗಳಾಗಿಲ್ಲ. ಇಲ್ಲಿ ಅವರ ಹೆಸರು ಬರೆಯುವುದಿಲ್ಲ, ಅದಕ್ಕೊಂದು ಕಾರಣವಿದೆ. ಆಟದಲ್ಲಿ 'ಇದನ್ನು ಮಾಡಿದವರು' ಎಂಬ ಪುಟಕ್ಕೆ ಅವರ ಹೆಸರು ಸೇರಿಸಲು ಹೋದಾಗ ಸಿಡುಕಿದ್ದರು: "ಊಟದ ಮನೆ ಬಾಗ್ಲಲ್ಲಿ ಅಡುಗೆಯೋರ ಹೆಸ್ರು ಬರೀತಾರೇನ್ರೀ? ತೆಗೀರಿ ತೆಗೀರಿ." ತೆಗೆದೆವು. ಮೇಡಂ ಅಂದರೂ ಅವರಿಗೆ ಆಗುತ್ತಿರಲಿಲ್ಲ. ಆಫೀಸಿನಲ್ಲಿ ನಾವು ಅಕ್ಕ ಎನ್ನುತ್ತಿದ್ದೆವು. ಇಲ್ಲೂ ಅಷ್ಟೇ ಇರಲಿ.

ಅವರ ಹತ್ತಿರ ಬರುವ ಮುಂಚೆ ನನ್ನ ಸ್ಥಿತಿ ಹೇಳಿಬಿಡಬೇಕು. ನಾನು ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರ್ ಮೇಷ್ಟ್ರು. ಸಂಬಳವಿಲ್ಲದ ರಜೆ ಹಾಕಿ, ಬಿ.ಎಚ್. ರಸ್ತೆಯ ಹಾರ್ಡ್‌ವೇರ್ ಅಂಗಡಿಯೊಂದರ ಮೇಲೆ ಒಂದು ಕೋಣೆ ಹಿಡಿದು, ನಾಲ್ಕು ಜನ ನಾಲ್ಕು ಊರಲ್ಲಿ ಕೂತು ಫೋನಿನಲ್ಲೇ ಕವಡೆ ಹಾಕುವಂಥ ಚೌಕಾಬಾರ ಮಾಡಲು ಹೊರಟಿದ್ದೆ. ಜೊತೆಗೆ ಇದ್ದವಳು ಕುಣಿಗಲ್ಲಿನ ಒಬ್ಬಳು ಹುಡುಗಿ, ನನ್ನ ಹಳೆಯ ವಿದ್ಯಾರ್ಥಿನಿ. ಕೋಡ್ ಬರೆಯುವುದರಲ್ಲಿ ನನಗಿಂತ ಜಾಣೆ. ಅದನ್ನು ಅವಳೆದುರು ಒಪ್ಪಿಕೊಂಡಿಲ್ಲ, ಇಲ್ಲಿ ಒಪ್ಪಿಕೊಳ್ಳುತ್ತೇನೆ. ಜೂನ್ ಒಂದನೇ ತಾರೀಖಿನೊಳಗೆ ಆಟ ತನ್ನ ಕಾಲ ಮೇಲೆ ನಿಲ್ಲಬೇಕು. ಇಲ್ಲದಿದ್ದರೆ ನಾನು ಕಾಲೇಜಿಗೆ ವಾಪಸ್, ಅವಳು ಬೇರೆ ಕೆಲಸಕ್ಕೆ, ಎರಡು ವರ್ಷ ಕಟ್ಟಿದ ಆಟ ಕಸದ ಬುಟ್ಟಿಗೆ. ಜೂನ್ ಒಂದಕ್ಕಿಂತ ಒಂದು ದಿನವೂ ಹೆಚ್ಚು ರಜೆ ಇಲ್ಲವೆಂದು ಪ್ರಿನ್ಸಿಪಾಲರು ಬರೆದೇ ಕೊಟ್ಟಿದ್ದರು.

ಫೆಬ್ರವರಿಯಲ್ಲಿ ಮೊದಲ ಸಲ ಆಟದ ಬಾಗಿಲು ತೆರೆದೆವು. ನನ್ನ ಮಾವನವರು, ಅಂದರೆ ಹೆಂಡತಿಯ ತಂದೆ, ಪಂಚಾಂಗ ನೋಡದೆ ಹಲ್ಲುಜ್ಜುವವರಲ್ಲ. "ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಒಳ್ಳೇ ಲಗ್ನ ಐತೆ. ಅದೇ ನಿಮಿಷಕ್ಕೆ ಎಲ್ರೂ ಒಳಗ್ ಬರ್ಬೇಕು" ಎಂದು ಅವರೇ ನೆಂಟರು, ಮಠದ ಭಕ್ತರು, ಹಳೆಯ ಗಿರಾಕಿಗಳು ಎಲ್ಲರಿಗೂ ಮೆಸೇಜು ಕಳಿಸಿದರು. ನನಗೂ ಅದು ಚಂದವೇ ಅನಿಸಿತು. ನಮ್ಮ ಜನ ಬೇರೆ ಯಾವುದಕ್ಕೆ ತಡ ಮಾಡಿದರೂ ಲಗ್ನಕ್ಕೆ ತಡ ಮಾಡುವುದಿಲ್ಲ. ಹತ್ತು ಇಪ್ಪತ್ತಕ್ಕೆ ಸರಿಯಾಗಿ ಇಡೀ ಬಳಗ ಒಟ್ಟಿಗೇ ಗುಂಡಿ ಒತ್ತಿತು. ನಮ್ಮ ಒಂದೇ ಒಂದು ಬಾಡಿಗೆ ಸರ್ವರ್ ಹತ್ತು ಇಪ್ಪತ್ತೊಂದಕ್ಕೆ ಮಲಗಿತು. ಎಬ್ಬಿಸುವ ಹೊತ್ತಿಗೆ ಮಧ್ಯಾಹ್ನವಾಗಿತ್ತು, ಜನ ಆಟ ಅಳಿಸಿ ಹಾಕಿದ್ದರು.

ಮರುದಿನ ಆಟದಲ್ಲಿ ಕೊಟ್ಟಿದ್ದ ನಂಬರಿಗೆ ಒಂದು ಫೋನ್ ಬಂತು. ಹಲೋ ಇಲ್ಲ, ಯಾರು ಏನು ಅಂತ ಇಲ್ಲ. "ಯಾರ್ರೀ ಅದು, ಚೌಕಾಬಾರಕ್ಕೆ ಮುಹೂರ್ತ ಇಟ್ಟಿದ್ದು?" ಎಂದು ಒಂದು ಹೆಣ್ಣುದನಿ ಗದರಿತು. ದನಿ ಎಷ್ಟು ಜೋರೆಂದರೆ ಫೋನನ್ನು ಕಿವಿಯಿಂದ ದೂರ ಹಿಡಿದೆ. ಕುಣಿಗಲ್ ಹುಡುಗಿ ಆ ಬದಿಯ ಮೇಜಿನಿಂದಲೇ ಕೇಳಿಸಿಕೊಂಡು ನಕ್ಕಳು. ಆಫೀಸು ಎಲ್ಲಿ ಎಂದು ಕೇಳಿ, ಹನ್ನೊಂದಕ್ಕೆ ಬರುತ್ತೇನೆಂದು ಹೇಳಿ ಇಟ್ಟರು. ಹನ್ನೊಂದಕ್ಕೆ ಬಂದರು.

ಕುಳ್ಳಗೆ, ದಪ್ಪ ಕನ್ನಡಕ, ಹಣೆಯಲ್ಲಿ ವಿಭೂತಿ, ಇಸ್ತ್ರಿ ಮಾಡಿದ ಕಾಟನ್ ಸೀರೆ, ಅದರ ಕೆಳಗೆ ಓಟಗಾರರು ಹಾಕುವ ಬೂಟು. ಹೆಲ್ಮೆಟ್ಟನ್ನು ನನ್ನ ಮೇಜಿನ ಮೇಲಿಟ್ಟು, ಗಾಲಿ ಕುರ್ಚಿಯನ್ನು ಅನುಮಾನದಿಂದ ನೋಡಿ ಪಕ್ಕಕ್ಕೆ ದೂಡಿ, ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತರು. ಗಾಲಿ ಕುರ್ಚಿಯಲ್ಲಿ ಅವರು ಕೊನೆತನಕ ಕೂರಲಿಲ್ಲ. "ಕೂರೋ ವಸ್ತು ಓಡಾಡ್ಬಾರ್ದು" ಅನ್ನುತ್ತಿದ್ದರು. ಮೊದಲು ಅಂತರಸನಹಳ್ಳಿಯ ಒಂದು ಕಾರ್ಖಾನೆ, ಆಮೇಲೆ ವಸಂತನರಸಾಪುರದ ಒಂದು ಕಾರ್ಖಾನೆ, ಒಟ್ಟು ಇಪ್ಪತ್ತಾರು ವರ್ಷ ಸರ್ವರ್ ರೂಮಿನಲ್ಲಿ ಕೆಲಸ ಮಾಡಿ ಸ್ವಯಂ ನಿವೃತ್ತಿ ತೆಗೆದುಕೊಂಡಿದ್ದರು. ಅದೆಲ್ಲ ನನಗೆ ತಿಳಿದದ್ದು ಆಮೇಲೆ. ಅವತ್ತು ಅವರು ತಮ್ಮ ಬಗ್ಗೆ ಒಂದು ಮಾತೂ ಆಡಲಿಲ್ಲ, ನೇರ ಪ್ರಶ್ನೆಗೇ ಇಳಿದರು.

"ಮೇಷ್ಟ್ರೇ, ಎಷ್ಟು ಎಲೆ ಅಂದ್ಕೊಂಡಿದ್ರಿ?"

"ಎಲೆಯಾ?"

"ಊಟದ ಎಲೆ ಕಣ್ರೀ. ಎಷ್ಟು ಜನ ಬರ್ತಾರೆ ಅಂದ್ಕೊಂಡಿದ್ರಿ?"

"ಐದು ಸಾವಿರ ಜನ ಆಗ್ಲೇ ಡೌನ್‌ಲೋಡ್ ಮಾಡ್ಕೊಂಡಿದ್ರು" ಎಂದೆ, ಸ್ವಲ್ಪ ಹೆಮ್ಮೆಯಿಂದಲೇ.

"ಅದು ಲಗ್ನಪತ್ರಿಕೆ ಹಂಚಿದ್ದು. ನಾನ್ ಕೇಳಿದ್ದು ಎಲೆ. ಒಂದೇ ಸಲಕ್ಕೆ ಎಷ್ಟು ಜನ ಕೂರ್ತಾರೆ?"

ನನಗೆ ಗೊತ್ತಿರಲಿಲ್ಲ. ಕಾಲೇಜಿನಲ್ಲಿ ಇದೇ ವಿಷಯವನ್ನು ಇಂಗ್ಲಿಷಿನಲ್ಲಿ ಹತ್ತು ವರ್ಷ ಪಾಠ ಮಾಡಿದ್ದೇನೆ, ಬೋರ್ಡಿನ ಮೇಲೆ ಚಿತ್ರ ಬರೆದಿದ್ದೇನೆ. ನನ್ನ ಆಟಕ್ಕೆ ಎಷ್ಟು ಎಲೆ ಎಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ. ಸಿಟ್ಟು ಬಂತು. ಸರಿಯಾದ ಮಾತು ಕೇಳಿದಾಗ ನನಗೆ ಮೊದಲು ಬರುವುದು ಸಿಟ್ಟೇ. ನಾಳೆಯಿಂದ ಬರುತ್ತೀರಾ ಎಂದು ಅದೇ ಸಿಟ್ಟಿನಲ್ಲಿ ಕೇಳಿದೆ. "ನಾಳೆ ಯಾಕೆ, ಈಗ್ಲೇ ಬಂದಿದೀನಲ್ಲ" ಎಂದು ಚೀಲದಿಂದ ಬುತ್ತಿ ತೆಗೆದಿಟ್ಟರು.

ಅವರ ತಂದೆ ಗುಬ್ಬಿ ಸೀಮೆಯಲ್ಲಿ ಮದುವೆ ಅಡುಗೆಗೆ ಹೆಸರಾದವರು. ಮಠದ ದಾಸೋಹಕ್ಕೆ ವಿಶೇಷ ದಿನಗಳಲ್ಲಿ ಅವರದೇ ಒಲೆ. ಅಕ್ಕ ಬಾಳೆಲೆ ಒರೆಸುತ್ತಾ, ಸಾಲಿನಲ್ಲಿ ಉಪ್ಪು ಬಡಿಸುತ್ತಾ ಬೆಳೆದವರು. ಓದಿದ್ದು ಕಂಪ್ಯೂಟರ್ ಡಿಪ್ಲೊಮಾ, ಭಾಷೆ ಮಾತ್ರ ಅಡುಗೆ ಮನೆಯದೇ ಉಳಿದಿತ್ತು. ಸರ್ವರ್ ಬಿಸಿಯಾದರೆ "ಉಕ್ತಾ ಐತೆ ನೋಡಿ" ಅನ್ನುವರು. ಬೇಡದ ಸೌಲಭ್ಯ ಸೇರಿಸಲು ಹೋದರೆ "ಇದೇನು ಉಪ್ಪಿನಕಾಯಿಗೆ ಬೇರೆ ಎಲೆ ಹಾಕಿಸ್ತೀರಾ?" ಅನ್ನುವರು. ಅವರ ಮನೆಯಲ್ಲಿ ಅಚ್ಚಿನ ಮನೆಯವರು ಕೊಟ್ಟ ಹಳೆಯ ಲಗ್ನಪತ್ರಿಕೆಗಳ ಕಟ್ಟುಗಳಿದ್ದವು. ಅವುಗಳ ಖಾಲಿ ಬೆನ್ನೇ ಅವರ ನೋಟ್‌ಬುಕ್ಕು. ನಮ್ಮ ಕಂಪನಿಯ ಅತಿ ಮುಖ್ಯ ತಾಂತ್ರಿಕ ದಾಖಲೆಗಳೆಲ್ಲ ಇವತ್ತಿಗೂ ಯಾರದೋ ಮದುವೆಯ ಗಣಪತಿ ಚಿತ್ರದ ಹಿಂದೆ ಇವೆ.

ಎಲೆ ಎಣಿಸುವುದರಲ್ಲಿ ಅವರು ಭಾರಿ ಘಾಟಿ. ಮದುವೆ ಮನೆಯವರು ಸಾವಿರ ಜನ ಅಂದರೆ ಹುಡುಗಿಯ ಕಡೆಯವರ ಊರು, ವಾರ, ಬಸ್ಸಿನ ಹೊತ್ತು ಕೇಳಿ, "ಒಂದು ಪಂಕ್ತಿಗೆ ಇನ್ನೂರ ಅರವತ್ತು, ಮೂರು ಪಂಕ್ತಿ, ಕಡೇದು ಅರ್ಧ" ಎಂದು ಅವರ ತಂದೆ ಹೇಳುತ್ತಿದ್ದರಂತೆ, ಹಾಗೆಯೇ ಆಗುತ್ತಿತ್ತಂತೆ. ಮಗಳಿಗೂ ಅದೇ ಬಂದಿತ್ತು. ಆಮೇಲಿನ ವರ್ಷಗಳಲ್ಲಿ ನಮ್ಮ ಆಟಕ್ಕೆ ಬುಧವಾರ ಸಂಜೆ ಎಷ್ಟು, ಭಾನುವಾರ ಎಷ್ಟು, ಕ್ರಿಕೆಟ್ ಮ್ಯಾಚ್ ಇದ್ದರೆ ಎಷ್ಟು ಎಂದು ಬೆಳಿಗ್ಗೆಯೇ ಹೇಳುವರು. ನಾನು ಬೇಕೆಂದೇ ಪರೀಕ್ಷೆ ಮಾಡುತ್ತಿದ್ದೆ. ಒಂದು ದಿನವೂ ಅವರನ್ನು ಸೋಲಿಸಲು ಆಗಲಿಲ್ಲ.

ಈಗ ಕ್ಲೌಡಿನ ವಿಷಯ. ನಮ್ಮ ಮುಂದೆ ಮೂರು ಇದ್ದವು. ಒಂದು ಅಗ್ಗದ್ದು, ಅದರ ಮೆಷಿನ್ನುಗಳು ಸಿಂಗಪುರದಲ್ಲಿ. ಎರಡನೆಯದು ಭಾರಿ ದೊಡ್ಡ ಕಂಪನಿ. ಹೆಸರು ಹೇಳಿದರೆ ಸಾಕು, ಬೀಗರೆದುರು ಮರ್ಯಾದೆ ಹೆಚ್ಚುತ್ತದೆ. ಮೂರನೆಯದು ಯಾರೂ ಅಷ್ಟಾಗಿ ಕೇಳಿಲ್ಲದ ಮಧ್ಯಮ ಗಾತ್ರದ್ದು, ಮೆಷಿನ್ನುಗಳು ಮುಂಬೈಯಲ್ಲಿ. ನನ್ನ ಮನಸ್ಸು ಎರಡನೆಯದರ ಮೇಲೆ ನೆಟ್ಟಿತ್ತು. ಮುಚ್ಚುಮರೆ ಏನು, ಅದರ ಹೆಸರಿನ ಮೇಲೆ ನೆಟ್ಟಿತ್ತು.

ಆ ದೊಡ್ಡ ಕಂಪನಿಯ ಪ್ರತಿನಿಧಿ ಬೆಂಗಳೂರಿನಿಂದ ಕಾರಿನಲ್ಲಿ ಬಂದ. ಒಳ್ಳೆಯ ಮನುಷ್ಯ, ಪಾಪ. ಗೋಡೆಯ ಮೇಲೆ ಚಿತ್ರ ಬಿಟ್ಟು ಅರ್ಧ ಗಂಟೆ ಮಾತಾಡಿದ. "ಸ್ಕೇಲಿಂಗ್ ಪೂರ್ತಿ ಆಟೊಮ್ಯಾಟಿಕ್ ಮ್ಯಾಮ್. ಜನ ಜಾಸ್ತಿ ಆದ್ರೆ ಮೆಷಿನ್ ಜಾಸ್ತಿ, ಜನ ಕಮ್ಮಿ ಆದ್ರೆ ಮೆಷಿನ್ ಕಮ್ಮಿ. ನೀವು ತಲೆನೇ ಕೆಡಿಸ್ಕೋಬೇಡಿ" ಎಂದ.

ಅಕ್ಕ ಸ್ಟೂಲಿನ ಮೇಲೆ ಸ್ವಲ್ಪ ಮುಂದೆ ಸರಿದರು. "ಕಮ್ಮಿ ಮಾಡ್ತೀರಲ್ಲ, ಆ ಮೆಷಿನ್ನಲ್ಲಿ ಆಡ್ತಾ ಕೂತಿರೋರು ಏನಾಗ್ತಾರೆ?"

"ಅವ್ರು ಇನ್ನೊಂದು ಮೆಷಿನ್‌ಗೆ ರೀಕನೆಕ್ಟ್ ಆಗ್ತಾರೆ ಮ್ಯಾಮ್."

"ಅಂದ್ರೆ, ಉಣ್ತಾ ಕೂತೋರ ಎಲೆ ಎತ್ಬಿಟ್ಟು, ಹೋಗಿ ಆ ಸಾಲಲ್ಲಿ ಕೂತ್ಕೊಳ್ರಪ್ಪಾ ಅಂತೀರಾ?"

ಅವನು ನನ್ನ ಮುಖ ನೋಡಿದ. ನಾನು ಫ್ಯಾನು ನೋಡುತ್ತಿದ್ದೆ.

"ಎಲೆ ಮಡಚೋ ತನಕ ಎಲೆ ಎತ್ತಂಗಿಲ್ಲ ಕಣಪ್ಪ" ಎಂದರು ಅಕ್ಕ, ಈಗ ಮೆತ್ತಗೆ. "ಅರ್ಧ ಉಂಡು ನೀರು ಕುಡೀತಾ ಕೂತವ್ನೆ ಅಂದ್ರೂ ಎತ್ತಂಗಿಲ್ಲ. ಮಡಚಿದ್ನಾ, ಊಟ ಆಯ್ತು. ಇಲ್ವಾ, ಕಾಯ್ಬೇಕು. ನಿಮ್ದು ಹಂಗ್ ಕಾಯ್ತದಾ?" ಕಾಯುವಂತೆ ಹೊಂದಿಸಬಹುದು, ಅದಕ್ಕೆ ಬೇರೆ ಬೇರೆ ಸೇವೆಗಳನ್ನು ಜೋಡಿಸಬೇಕು ಎಂದು ಅವನು ಪ್ರಾಮಾಣಿಕವಾಗಿಯೇ ಹೇಳಿದ. "ಎಷ್ಟು ಜನ ಇಂಜಿನಿಯರ್ಸ್ ಬೇಕು ಅದಕ್ಕೆ?" ಎಂದರು ಅಕ್ಕ. "ಮಿನಿಮಮ್ ಮೂರು ಜನ ಇದ್ರೆ ಒಳ್ಳೇದು ಮ್ಯಾಮ್." ನಮ್ಮಲ್ಲಿದ್ದವಳು ಒಬ್ಬಳು, ಅವಳೂ ಆ ಹೊತ್ತಿಗೆ ಬಾಯಿಗೆ ಕೈ ಅಡ್ಡ ಇಟ್ಟು ನಗು ತಡೆಯುತ್ತಿದ್ದಳು. ಅಕ್ಕ ಅವನಿಗೆ ತಮ್ಮ ಬುತ್ತಿಯ ಚಿತ್ರಾನ್ನ ಕೊಟ್ಟು ಕಳಿಸಿದರು.

ನಾನು ಬಿಡಲಿಲ್ಲ. ಒಂದು ಪ್ರಶ್ನೆಗೆ ಉತ್ತರ ಸರಿಯಿಲ್ಲ ಅಂತ ಇಷ್ಟು ದೊಡ್ಡ ಕಂಪನಿ ಬಿಡುವುದಾ ಎಂದು ಎರಡು ದಿನ ವಾದ ಮಾಡಿದೆ. ಕೊನೆಗೆ ಅವರು, "ಬುಡಿ ಮೇಷ್ಟ್ರೇ, ಬಾಯಲ್ಲಿ ಯಾಕೆ, ಬಡಿಸಿ ನೋಡಾಣ" ಎಂದು ಎದ್ದರು. ಕುಣಿಗಲ್ ಹುಡುಗಿ ಮೂರು ಕ್ಲೌಡಿನ ಮೇಲೂ ಆಟವನ್ನು ಪರೀಕ್ಷೆಗೆ ಏರಿಸಿದಳು. ಅಕ್ಕ ಒಂದೊಂದು ಕ್ಲೌಡಿಗೆ ಒಂದರಂತೆ ಮೂರು ಅಗ್ಗದ ಫೋನು ಚೀಲಕ್ಕೆ ಹಾಕಿಕೊಂಡು ಸ್ಕೂಟರ್ ಹತ್ತಿದರು.

ಹತ್ತು ದಿನ ಸುತ್ತಿದರು. ಅಂತರಸನಹಳ್ಳಿಯ ಕಾರ್ಖಾನೆ ಗೇಟಿನಲ್ಲಿ ಶಿಫ್ಟು ಬಿಡುವ ಹೊತ್ತಿಗೆ ಹೋಗಿ ನಿಲ್ಲುವರು, ಎಲ್ಲರೂ ಒಟ್ಟಿಗೇ ಫೋನು ತೆಗೆಯುವ ಹೊತ್ತು ಅದು. ಗುಬ್ಬಿ ಬಸ್ ಸ್ಟ್ಯಾಂಡು, ಕುಣಿಗಲ್ ಬಸ್ ಸ್ಟ್ಯಾಂಡು, ಓಡುವ ಬಸ್ಸಿನ ಕಿಟಕಿ ಸೀಟು. ಸಿಕ್ಕವರನ್ನು ಹಿಡಿದು ಕೂರಿಸಿ ಆಡಿಸುವರು. "ಬಾರಮ್ಮಾ, ಎರಡು ಕವಡೆ ಹಾಕು ಬಾ" ಎಂದರೆ ಸಾಕು, ಗಂಟೆಗಟ್ಟಲೆ ಮಾತು. ಆಡಿದವರಿಗೆಲ್ಲ ತಮ್ಮ ಸ್ವಂತ ಫೋನ್ ನಂಬರು ಕೊಟ್ಟು ಬರುವರು. ಇದು ಪರೀಕ್ಷೆಯೋ ಹರಟೆಯೋ ಎಂದು ನಾನು ಗೊಣಗುತ್ತಿದ್ದೆ. ದೂರು ಹೇಳಲು ಆಟದಲ್ಲೇ ಒಂದು ಫಾರಂ ಮಾಡಿದ್ದೇವಲ್ಲ ಅಂದರೆ, "ಫಾರಂ ತುಂಬ್ಕೊಟ್ಟು ಯಾರಾದ್ರೂ ಸಾರು ಕೇಳ್ತಾರೇನ್ರೀ?" ಅನ್ನುವರು.

ಕೊನೆಯ ದಿನ ನನ್ನನ್ನೂ ಗುಬ್ಬಿ ಹತ್ತಿರದ ಕಡಬಕ್ಕೆ ಕರೆದುಕೊಂಡು ಹೋದರು. ಕೆರೆ ಏರಿಯ ಹತ್ತಿರ ಒಂದು ಟೀ ಅಂಗಡಿ. ಅಲ್ಲಿ ನೆಟ್‌ವರ್ಕ್ ಒಂದು ಗೆರೆ ಬಂದರೆ ಹಬ್ಬ. ಅಂಗಡಿಯವನು ಆಗಲೇ ಅಕ್ಕನ ಪಕ್ಕಾ ಶಿಷ್ಯ. ಸಿಂಗಪುರದ ಫೋನಿನಲ್ಲಿ ಅವನು ಕವಡೆ ಹಾಕಿದರೆ, ಬೀಳುವಷ್ಟರಲ್ಲಿ ಒಂದು ಟೀ ಸೋಸಿ ಕೊಟ್ಟು ಬರುತ್ತಿದ್ದ. "ಒಲೆ ಅಲ್ಲೆಲ್ಲೋ, ಪಂಕ್ತಿ ಇಲ್ಲಿ. ಬಡಿಸೋಷ್ಟರಲ್ಲಿ ಸಾರು ಆರೋಯ್ತು" ಎಂದು ಅಕ್ಕ ಆ ಫೋನು ಚೀಲಕ್ಕೆ ಹಾಕಿದರು. ದೊಡ್ಡ ಕಂಪನಿಯದು ಚುರುಕಾಗಿತ್ತು. ಅದರ ಮೇಲೆ ಅವನು ಮೂರು ಕಾಯಿ ನಡುಮನೆಗೆ ಸೇರಿಸಿ ಹಣ್ಣು ಮಾಡಿಕೊಂಡಿದ್ದ, ನಾಲ್ಕನೆಯದು ಹಣ್ಣಾಗಲು ಒಂದೇ ಮನೆ ಉಳಿದಿತ್ತು. ನಾನು ಹೆಮ್ಮೆಯಿಂದ ಅಕ್ಕನ ಕಡೆ ನೋಡಿದೆ. ಅಕ್ಕ ಆಫೀಸಿನಲ್ಲಿದ್ದ ಹುಡುಗಿಗೆ ಫೋನು ಮಾಡಿ, "ಪುಟ್ಟೀ, ಈಗ ಮೆಷಿನ್ ಕಮ್ಮಿ ಮಾಡು" ಎಂದರು.

ಆಟ ಮಾಯವಾಯಿತು. ಇನ್ನೊಂದು ಮೆಷಿನ್ನಿನಲ್ಲಿ ತೆರೆದುಕೊಳ್ಳುವಷ್ಟರಲ್ಲಿ ಕಡಬದ ಆ ಒಂದು ಗೆರೆಯೂ ಹೋಗಿ, ಅವನ ಸರದಿ ತಪ್ಪಿ, ಎದುರಿನವನು ಗೆದ್ದಾಗಿತ್ತು. ಅಂಗಡಿಯವನು ಕೆಂಡಾಮಂಡಲ. "ಇದೇನಕ್ಕೋ ಇದು! ಹಣ್ಣಾಗೋಕೆ ಒಂದ್ ಮನೆ ಇತ್ತು! ಯಾವನ್ಲಾ ಇದ್ನ ಮಾಡ್ದೋನು?" ಮಾಡಿದವನು ಪಕ್ಕದಲ್ಲೇ ಅವನ ಟೀ ಕುಡಿಯುತ್ತಿದ್ದ. ಅಕ್ಕ ನನ್ನ ಹೆಸರು ಹೇಳಲಿಲ್ಲ. ಮೂರನೆಯ ಫೋನು ಕೊಟ್ಟರು. ಅದರಲ್ಲೂ ಹುಡುಗಿಗೆ ಹಾಗೆಯೇ ಹೇಳಿದರು. ಆ ಕ್ಲೌಡು ಆಡುವವರ ಆಟ ಮುಗಿಯುವ ತನಕ ಮೆಷಿನ್ನು ಹಿಡಿದುಕೊಂಡು ಕಾದಿತು. ಅವನು ನಾಲ್ಕೂ ಹಣ್ಣು ಮಾಡಿ ನಮ್ಮಿಬ್ಬರಿಗೂ ಬನ್ನು ಕೊಡಿಸಿದ. ವಾಪಸ್ ಬರುವಾಗ ಸ್ಕೂಟರಿನ ಹಿಂದೆ ಕೂತು, ಆಯ್ತು ಅಕ್ಕ, ಮೂರನೆಯದೇ ಇರಲಿ ಎಂದೆ. "ಕೇಳುಸ್ಲಿಲ್ಲ, ಗಾಳಿ" ಎಂದರು. ಇನ್ನೊಂದು ಸಲ ಹೇಳಿಸಿದರು.

ನಾನು ಸೋತದ್ದು ಅಷ್ಟಕ್ಕೇ ಮುಗಿಯಲಿಲ್ಲ. ಮೇ ಕೊನೆಯ ಭಾನುವಾರ ನಾಲ್ಕು ಗಂಟೆಗೆ ತುಮಕೂರು, ಗುಬ್ಬಿ, ಕುಣಿಗಲ್ ಮೂರೂ ಊರಿನವರ ಪಂದ್ಯ ಇಟ್ಟೆವು. ಎರಡನೇ ಸಲ ಬಾಗಿಲು ತೆರೆಯುವುದು ಅದೇ ದಿನ. ಎರಡನೇ ಸಲವೂ ಮಲಗಿದರೆ ಮೂರನೇ ಸಲ ಯಾರೂ ಬರುವುದಿಲ್ಲ, ಜೂನ್ ಒಂದಕ್ಕೆ ನಾನು ಚಾಕ್‌ಪೀಸ್ ಹಿಡಿಯಬೇಕು. ಅಕ್ಕ ಮೂರು ಸಾವಿರ ಎಲೆ ಅಂದರು. ಪಂದ್ಯಕ್ಕೆ ಹತ್ತು ನಿಮಿಷ ಮೊದಲು, ಮೂರು ಐವತ್ತಕ್ಕೆ ಹತ್ತು ಮೆಷಿನ್ ಎಬ್ಬಿಸಿ ಇಡೋಣ, ಜೊತೆಗೆ ಹೊರಗೆ ಒಂದು ಜಗಲಿ ಬೇಕು ಅಂದರು. ಜಗಲಿ ಎಂದರೆ, ಒಳಗೆ ಜಾಗ ತುಂಬಿದಾಗ ಆಟಗಾರರನ್ನು ಕಾಯಿಸುವ ಒಂದು ಪುಟ.

ನನಗೆ ಒಪ್ಪಿಗೆಯಾಗಲಿಲ್ಲ. "ಎಷ್ಟು ಬೇಕಾದ್ರೂ ಹಿಗ್ಗತ್ತೆ ಅಂತಲೇ ತಾನೇ ಕ್ಲೌಡ್ ತಗೊಂಡಿರೋದು? ಮತ್ತೆ ಕಾಯಿಸೋದು ಯಾಕೆ? ಕಾಯ್ಸಿದ್ರೆ ಜನ ಓಡೋಗ್ತಾರೆ."

"ಒಲೆ ಹಚ್ಚಿದ ನಿಮಿಷಕ್ಕೆ ಅನ್ನ ಆಗತ್ತೇನ್ರೀ? ಹೊಸ ಮೆಷಿನ್ ಏಳೋಕೂ ನಾಕು ನಿಮಿಷ ಬೇಕು. ಅಲ್ಲಿಗಂಟ ಎಲ್ಲಿ ಕೂರುಸ್ತೀರಿ, ನಿಮ್ ತಲೆ ಮೇಲಾ?" ಆಮೇಲೆ, ಅಪರೂಪಕ್ಕೆ, ತಮ್ಮ ತಂದೆಯ ಮಾತು ತೆಗೆದರು. "ನಮ್ಮಪ್ಪ ದಾಸೋಹದಲ್ಲಿ ಒಂದೇ ಹೇಳೋರು. ಬಂದೋರ್ನ ಕಾಯ್ಸು, ಕಳುಸ್ಬೇಡ. ಕಾಯೋರ ಮುಖ ನೋಡಿ ಒಂದು ಮಾತಾಡು, ಯಾರೂ ಹೋಗಲ್ಲ."

ಆ ಒಂದು ಮಾತನ್ನು ಅವರೇ ಬರೆದರು. 'ಸರ್ವರ್ ಬ್ಯುಸಿ, ದಯವಿಟ್ಟು ನಿರೀಕ್ಷಿಸಿ' ಎಂದು ನಾನು ಹಾಕಿದ್ದನ್ನು ಅಳಿಸಿ, "ನಿಮ್ಮ ಸರ್ವರ್ ಬ್ಯುಸಿ ಆದ್ರೆ ನನಗೇನು ಕಷ್ಟ ಅಂತಾರೆ" ಎಂದು ಬೈದು, ಒಂದು ಲಗ್ನಪತ್ರಿಕೆಯ ಹಿಂದೆ ಬರೆದು ಹುಡುಗಿಗೆ ಕೊಟ್ಟರು: 'ಒಳಗೆ ಪಂಕ್ತಿ ನಡೀತಿದೆ. ಕೂತಿರಿ, ಮುಂದಿನ ಪಂಕ್ತೀಲಿ ನಿಮ್ಮ ಎಲೆ ಇದೆ.' ಇದೇನು ಛತ್ರವಾ ಎಂದು ನಾನು ಕೂಗಾಡಿದೆ. ಅವರಿಬ್ಬರೂ ಸೇರಿ ಅದನ್ನೇ ಹಾಕಿದರು.

ಭಾನುವಾರ ಬಂತು. ಮೂರು ನಲವತ್ತೈದಕ್ಕೆ ಎಲ್ಲ ಶಾಂತ, ಎರಡೇ ಮೆಷಿನ್ ಓಡುತ್ತಿದ್ದವು. ಮೂರು ನಲವತ್ತೆಂಟಕ್ಕೆ ಪರದೆಯ ಮೇಲಿನ ಗೆರೆ ನೆಟ್ಟಗೆ ಮೇಲೆದ್ದಿತು. ನೂರಲ್ಲ, ಇನ್ನೂರಲ್ಲ, ಎರಡು ಸಾವಿರ ಜನ ಬಾಗಿಲಲ್ಲಿ. ಅಕ್ಕ ಸ್ಟೂಲಿನಿಂದ ಎದ್ದು ನಿಂತರು. "ಯಾರ್ರೀ ಇದು, ಈಗ್ಲೇ ಅಕ್ಷತೆ ಹಾಕ್ಸಿದ್ದು?"

ಮಾವನವರಿಗೆ ಫೋನು ಮಾಡಿದೆ. ಹೌದು, ಅವರೇ. "ನಾಕು ಗಂಟೆಗೆ ರಾಹುಕಾಲ ಹತ್ರ ಬರ್ತದೆ ಕಣಯ್ಯಾ, ಮೂರು ನಲವತ್ತೆಂಟು ಚೆನ್ನಾಗೈತೆ ಅಂತ ಎಲ್ಲಾ ಗ್ರೂಪಿಗೂ ಕಳ್ಸಿದೀನಿ. ಅಳಿಯಂದಿರ ಕೆಲ್ಸ, ಸುಮ್ನಿರೋಕಾಗ್ತದಾ?" ಎಂದರು, ನನಗೆ ಉಪಕಾರ ಮಾಡಿದ ಸಂತೋಷದಲ್ಲಿ.

ಹುಡುಗಿ ಉಳಿದ ಎಂಟು ಮೆಷಿನ್ನುಗಳನ್ನು ಒಂದರ ಹಿಂದೆ ಒಂದು ಎಬ್ಬಿಸಲು ಶುರು ಮಾಡಿದಳು. ಏಳಬೇಕಲ್ಲ! ಅಷ್ಟರೊಳಗೆ ಹೊರಗೆ ಜನ ಸೇರುತ್ತಲೇ ಇದ್ದರು. ಇವರೆಲ್ಲ ಈಗ ಎದ್ದು ಹೋಗುತ್ತಾರೆ, ಫೆಬ್ರವರಿಯ ಹಾಗೇ ಆಗುತ್ತದೆ ಎಂದು ಅನಿಸಿತು. "ಬಾಗ್ಲು ತೆಗೆದ್ಬಿಡಣ ಅಕ್ಕ, ಎಲ್ರನ್ನೂ ಬಿಟ್ಬಿಡಣ" ಎಂದು ಮೌಸಿಗೆ ಕೈ ಹಾಕಿದೆ.

"ಮುಟ್ಟಿದ್ರೆ ಕೈ ಮೇಲೆ ಬಾರಿಸ್ತೀನಿ" ಎಂದರು ಅಕ್ಕ. ಮುಖ ಪರದೆಯ ಮೇಲೇ ಇತ್ತು. "ಇನ್ನೂರು ಬಿಡು ಪುಟ್ಟೀ. ಸಾಕು, ನಿಲ್ಲಿಸು. ಉಕ್ತದೆ ನೋಡು. ಈಗ ಇನ್ನಿನ್ನೂರು." ಅದೇ ಹೊತ್ತಿಗೆ ಅವರ ಫೋನು ಒಂದೇ ಸಮ ಬಡಿದುಕೊಂಡಿತು. ಸ್ಪೀಕರಿಗೆ ಹಾಕಿದರು. ಕಡಬದ ಟೀ ಅಂಗಡಿಯವನು. "ಅಕ್ಕಾ, ನನ್ನೆಲೆ ಎಲ್ಲಿ?"

"ಕೂತಿರು ಕಣಪ್ಪ. ಹಾಕ್ತಾವ್ರೆ."

"ಸರಿ ಅಕ್ಕ, ಕೂತಿದೀನಿ. ನಿಧಾನಕ್ಕೇ ಹಾಕ್ಲಿ" ಎಂದು ಅವನು ಇಟ್ಟ. ಆಮೇಲೆ ಕುಣಿಗಲ್ಲಿನ ಒಬ್ಬ ಹೆಂಗಸು, ಆಮೇಲೆ ಅಂತರಸನಹಳ್ಳಿ ಕಾರ್ಖಾನೆಯ ಗೇಟಿನ ವಾಚ್‌ಮನ್. ಎಲ್ಲರದೂ ಒಂದೇ ಪ್ರಶ್ನೆ, ಎಲ್ಲರಿಗೂ ಅದೇ ಉತ್ತರ. ಯಾರೂ ಬೈಯಲಿಲ್ಲ. ಎಲೆ ಇದೆ ಅಂದ ಮೇಲೆ ನಮ್ಮ ಜನ ಯಾಕೆ ಎದ್ದು ಹೋಗುತ್ತಾರೆ? ಹನ್ನೊಂದು ನಿಮಿಷ ಹಾಗೆ ನಡೆಯಿತು. ನಾಲ್ಕಕ್ಕೆ ಒಂದು ನಿಮಿಷ ಇರುವಾಗ ಹತ್ತೂ ಮೆಷಿನ್ ಎದ್ದು, ಜಗಲಿ ಖಾಲಿಯಾಗಿ, ಎಲ್ಲರೂ ಒಳಗೆ ಕೂತು ಕವಡೆ ಹಾಕುತ್ತಿದ್ದರು. ಎಲೆ ಮೂರು ಸಾವಿರದ ಮೇಲೆ ನಲವತ್ತೋ ಐವತ್ತೋ. ನಾನು ಅವರ ಕಾಲಿಗೆ ಬಿದ್ದೆ. ನಾಟಕವಲ್ಲ, ನಿಜವಾಗಿ ಬಿದ್ದೆ. "ಏಳಿ ಏಳಿ, ಬೂಟು ಕೊಳೆಯಾಗೈತೆ" ಎಂದರು.

ಜೂನ್ ಒಂದಕ್ಕೆ ಕಾಲೇಜಿಗೆ ಹೋದೆ, ರಾಜೀನಾಮೆ ಕೊಡಲು.

ಆಮೇಲೆ ಮೂರು ವರ್ಷ ಅವರು ನಮ್ಮ ಜೊತೆಗಿದ್ದರು. ಸ್ಟೂಲು ಬದಲಾಗಲಿಲ್ಲ, ದನಿ ಬದಲಾಗಲಿಲ್ಲ, ಫೋನಿನಲ್ಲಿ ಹರಟೆಯೂ ನಿಲ್ಲಲಿಲ್ಲ. ಕಂಪನಿಯ ಕೆಲಸ ಬಿಟ್ಟು ಯಾರದೋ ಸೊಸೆಯ ಬಾಣಂತನ ವಿಚಾರಿಸುತ್ತಿದ್ದಾರೆ ಎಂದು ನಾನು ಎಷ್ಟೋ ಸಲ ಮುಖ ಊದಿಸಿಕೊಂಡಿದ್ದೇನೆ. ಆಮೇಲೆ ಕಾಯಿಲೆ ಬಂತು. ಅದನ್ನು ವಿವರಿಸಿದರೆ ಅವರಿಗೆ ಹಿಡಿಸುವುದಿಲ್ಲ. ತಮ್ಮ ಕೆಲಸವನ್ನೆಲ್ಲ ಹುಡುಗಿಗೆ ಒಪ್ಪಿಸಿ, ಲಗ್ನಪತ್ರಿಕೆಗಳ ಕಟ್ಟನ್ನು ಅವಳ ಮೇಜಿನ ಮೇಲಿಟ್ಟು, ಒಂದು ಮಧ್ಯಾಹ್ನ ಬುತ್ತಿ ಮುಗಿಸಿ ಎದ್ದು ಮನೆಗೆ ಹೋದರು. ಆಸ್ಪತ್ರೆಗೆ ನೋಡಲು ಹೋದಾಗ, "ಭಾನುವಾರ ಎಷ್ಟು ಎಲೆ?" ಎಂದು ಕೇಳಿದರು. ಹೇಳಿದೆ. "ಸುಳ್ಳು, ಇನ್ನೂ ಜಾಸ್ತಿ ಆಗತ್ತೆ" ಅಂದರು. ಜಾಸ್ತಿಯೇ ಆಯಿತು.

ಅವರು ತೀರಿಕೊಂಡ ಮೇಲಿನ ಕಾರ್ಯ, ಶಿವಗಣಾರಾಧನೆ, ಗುಬ್ಬಿಯ ಒಂದು ಸಣ್ಣ ಛತ್ರದಲ್ಲಿ. ಅಡುಗೆ ಅವರ ತಮ್ಮನದು; ತಂದೆಯ ಒಲೆ ಈಗ ಅವರು ನಡೆಸುತ್ತಾರೆ. ನಾನು, ಹುಡುಗಿ, ಮಾವನವರು ಹನ್ನೆರಡೂವರೆಗೆ ಹೋದೆವು, ಅಕ್ಕ ಊಟಕ್ಕೆ ಕೂರುತ್ತಿದ್ದ ಹೊತ್ತು ಅದು. ಒಳಗೆ ಕಾಲಿಡಲು ಜಾಗವಿಲ್ಲ. ಒಂದು ಪಂಕ್ತಿ ಎದ್ದಿತ್ತು, ಎರಡನೆಯದು ಕೂತಿತ್ತು, ಕೂತವರ ಬೆನ್ನ ಹಿಂದೆ ಇನ್ನೊಂದು ಪಂಕ್ತಿಯಷ್ಟು ಜನ ನಿಂತಿದ್ದರು. ಕಡಬದ ಟೀ ಅಂಗಡಿಯವನು ಸಾಲಿನಲ್ಲಿ ನೀರು ಬಡಿಸುತ್ತಿದ್ದ. ಅಂತರಸನಹಳ್ಳಿಯ ವಾಚ್‌ಮನ್ ಯೂನಿಫಾರಮ್ಮಿನಲ್ಲೇ ಬಂದಿದ್ದ. ಕುಣಿಗಲ್ಲಿನಿಂದ ಒಂದು ವ್ಯಾನು ತುಂಬ ಹೆಂಗಸರು ಬಂದಿದ್ದರು. ಅವರಲ್ಲಿ ಒಬ್ಬಳ ಕಂಕುಳಲ್ಲಿ ಮಗು. ಅಕ್ಕ ಫೋನಿನಲ್ಲಿ ಬಾಣಂತನ ವಿಚಾರಿಸಿದ್ದು ಅವಳದ್ದೇ ಎಂದು ಆಮೇಲೆ ತಿಳಿಯಿತು.

ಅಕ್ಕನ ತಮ್ಮ ಬೆವರು ಒರೆಸಿಕೊಳ್ಳುತ್ತಾ ಅಡುಗೆ ಮನೆಯಿಂದ ಹೊರಗೆ ಬಂದರು. "ಇನ್ನೊಂದು ಒಲೆ ಹಚ್ರೋ!" ಎಂದು ಒಳಗೆ ಕೂಗಿ, ನನ್ನ ಗುರುತು ಹಿಡಿದು, ಜೇಬಿನಿಂದ ಒಂದು ಹಳೆಯ ಲಗ್ನಪತ್ರಿಕೆ ತೆಗೆದು ಕೈಗೆ ಕೊಟ್ಟರು. ಹಿಂದೆ ಅಕ್ಕನ ಅಕ್ಷರ. 'ನನ್ನ ಕಾರ್ಯಕ್ಕೆ: ಒಂದೇ ಪಂಕ್ತಿ. ನೂರೈವತ್ತು ಎಲೆ ಸಾಕು. ಅನ್ನ ದಂಡ ಮಾಡಬೇಡ.'

"ಆಸ್ಪತ್ರೇಲೇ ಬರೆದ್ಕೊಟ್ಟಿದ್ಲು ಮೇಷ್ಟ್ರೇ" ಎಂದರು ತಮ್ಮ. "ಯಾರ್ದೇ ಮನೆ ಎಲೆ ಕೇಳಿ, ಒಂದ್ ದಿನ ತಪ್ಪಿದೋಳಲ್ಲ ನಮ್ಮಕ್ಕ. ತನ್ನದ್ರಲ್ಲೇ ತಪ್ಪುದ್ಲು ನೋಡಿ."

ನನಗೆ ಅಳು ಬಂತು, ಎಲ್ಲರೆದುರೇ. ಅವರು ನನ್ನ ಭುಜ ಹಿಡಿದು ಗೋಡೆ ಪಕ್ಕದ ಜಗಲಿ ತೋರಿಸಿದರು.

"ಕೂತಿರಿ ಮೇಷ್ಟ್ರೇ. ಮುಂದಿನ ಪಂಕ್ತೀಲಿ ನಿಮ್ಮೆಲೆ ಐತೆ."

ಕೂತೆ.